ಕದಿರಮ್ಮನಿಗೆ ಫೋನು ಬಂತು

ಕಟ್ಟಡಗಳ ಚಾವಣಿಗೆ ಮೋಲ್ಡ್ ಹಾಕುವ ಕೆಲಸದಲ್ಲಿ ಕದಿರಮ್ಮನ ಸಾಲಿಗೆ ಬಂಗಾರಪೇಟೆ ಕಡೆ ದೊಡ್ಡ ಹೆಸರಿತ್ತು. ನೆಲದಲ್ಲಿ ಕಲಸಿದ ಕಾಂಕ್ರೀಟನ್ನು ಬಾಂಡ್ಲಿಗೆ ತುಂಬಿ ಕೊಟ್ಟರೆ, ಕಂಬ, ಹಲಗೆ ಕಟ್ಟಿದ ಸಾರುವೆಯ ಮೇಲೆ ಒಬ್ಬರಿಗಿಂತ ಒಬ್ಬರು ಎತ್ತರದಲ್ಲಿ ನಿಂತ ಹೆಂಗಸರು ಅದನ್ನು ಕೈಯಿಂದ ಕೈಗೆ ದಾಟಿಸುತ್ತ ಮೇಲಕ್ಕೆ ಕಳಿಸುತ್ತಿದ್ದರು. ಎಲ್ಲರಿಗಿಂತ ಮೇಲೆ, ಚಾವಣಿಯ ಅಂಚಿನಲ್ಲಿ ಕದಿರಮ್ಮ. ಅವಳ ಕೈಗೆ ಬಂದ ಬಾಂಡ್ಲಿ ಅರೆಗಳಿಗೆಯೂ ನಿಲ್ಲದೆ ಬರಿದಾಗಿ ಕೆಳಗಿಳಿಯುತ್ತಿತ್ತು. ಮೇಸ್ತ್ರಿ ಮುನಿಸ್ವಾಮಪ್ಪ ಎಲ್ಲಿ ಕೆಲಸ ಹಿಡಿದರೂ ಮೊದಲು ಕುಂಟೆಹಳ್ಳಿಗೆ ಹೇಳಿಕಳಿಸಿ, ಕದಿರಮ್ಮನ ಗುಂಪು ಬರುವುದು ಖಾತ್ರಿಯಾದ ಮೇಲೆಯೇ ಸಿಮೆಂಟು ಇಳಿಸಿಕೊಳ್ಳುತ್ತಿದ್ದ.

ಆ ಕೆಲಸಕ್ಕೆ ಸಾರಾಯಿ ಪಾಕೀಟು ಅಂಟಿಕೊಂಡೇ ಬಂದಿತ್ತು. ಮಧ್ಯಾಹ್ನಕ್ಕೊಂದು, ಮುಗಿದ ಮೇಲೊಂದು ಎಂದು ಮೇಸ್ತ್ರಿಯೇ ಹಂಚುತ್ತಿದ್ದ. ಹೆಗಲು, ಸೊಂಟ ಹಿಡಿದುಕೊಂಡ ಹೆಂಗಸರು ಮೂಲೆ ಕಚ್ಚಿ ಹರಿದು ಬಾಯಿಗೆ ಸುರಿದುಕೊಳ್ಳುತ್ತಿದ್ದರು. ಕದಿರಮ್ಮನಿಗೆ ಬರಬರುತ್ತ ಕೆಲಸವಿಲ್ಲದ ದಿನವೂ ಅದು ಬೇಕಾಯಿತು. ಗಂಡ ಬಚ್ಚಪ್ಪ ಮೆತ್ತನೆಯ ಮನುಷ್ಯ, ಒಂದು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದವನು. ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ. ಅವನು ಏನಾದರೂ ಹೇಳಲು ಬಾಯಿ ತೆಗೆದರೆ ಕದಿರಮ್ಮ, ನನ್ನ ದುಡಿಮೆ, ನನ್ನ ಬಾಯಿ ಎಂದು ಮಾತು ಮುಗಿಸಿಬಿಡುತ್ತಿದ್ದಳು.

ತೊಂಬತ್ತೊಂದರ ಬೇಸಿಗೆಯಲ್ಲಿ ರಾಬರ್ಟ್‌ಸನ್‌ಪೇಟೆಯ ಒಂದು ಮನೆಗೆ ಮೋಲ್ಡ್ ಹಾಕುವಾಗ, ಮಧ್ಯಾಹ್ನದ ಪಾಕೀಟು ಮುಗಿಸಿ ಮೇಲೇರಿದ ಕದಿರಮ್ಮ ಸಾರುವೆಯಿಂದ ಬಿದ್ದಳು. ಕೈಯಲ್ಲಿದ್ದ ತುಂಬಿದ ಬಾಂಡ್ಲಿ ಕೆಳಗೆ ನಿಂತಿದ್ದ ಪಾಪಕ್ಕನ ಕಿವಿಯ ಪಕ್ಕದಲ್ಲೇ ಹಾದು ನೆಲಕ್ಕೆ ಬಡಿಯಿತು. ಪಾಪಕ್ಕ ಕದಿರಮ್ಮನ ಬಾಲ್ಯದ ಗೆಳತಿ. ಅವಳಿಗೆ ಏನೂ ಆಗಲಿಲ್ಲ. ಕದಿರಮ್ಮನ ಎಡಗೈ ಮಣಿಕಟ್ಟು ಮುರಿದಿತ್ತು, ಹಣೆ ಸೀಳಿತ್ತು.

ಕೆಜಿಎಫ್‌ನ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ ಡಾಕ್ಟರಿಗೆ ಸಾರಾಯಿಯ ವಾಸನೆ ಬಂತು. ಅದು ಓಡಿಬಂದಿದ್ದ ಬಚ್ಚಪ್ಪನದೆಂದುಕೊಂಡು ಅವರು ಅವನ ಕಡೆ ತಿರುಗಿ, ಕುಡಿದು ಹೆಂಡತಿಯನ್ನು ಹೊಡೆಯಲು ನಾಚಿಕೆಯಾಗುವುದಿಲ್ಲವೇ ಎಂದು ಬೈದರು. ಬಚ್ಚಪ್ಪ ತಲೆ ತಗ್ಗಿಸಿ ನಿಂತ, ನಾನಲ್ಲ ಎನ್ನಲಿಲ್ಲ. ಮಂಚದ ಮೇಲಿದ್ದ ಕದಿರಮ್ಮನೂ ಬಾಯಿ ಬಿಡಲಿಲ್ಲ. ಮುರಿದ ಕೈಗಿಂತ ಅದೇ ಅವಳಿಗೆ ಹೆಚ್ಚು ನೋಯಿತು.

ಮಾರನೆಯ ದಿನ ಗಂಗರತ್ನಮ್ಮ ಎಂಬಾಕೆ ಬಂದು ಸ್ಟೂಲು ಎಳೆದುಕೊಂಡು ಕೂತರು. ಕುಡಿದು ಪೆಟ್ಟು ಮಾಡಿಕೊಂಡು ಬಂದವರ ಹತ್ತಿರ ಮಾತಾಡುವುದೇ ಆ ಆಸ್ಪತ್ರೆಯಲ್ಲಿ ಅವರ ಕೆಲಸ. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಬುದ್ಧಿ ಹೇಳಲು ಬಂದಿದ್ದಾಳೆಂದು ಕದಿರಮ್ಮ ಮುಖ ಗೋಡೆಗೆ ತಿರುಗಿಸಿದಳು.

"ನಿಮ್ಮ ಕುಡಿತದ ವಿಷಯ ಕೇಳಬಹುದಾ? ಬೇಡ ಅಂದ್ರೆ ಕೇಳಲ್ಲ" ಎಂದರು ಗಂಗರತ್ನಮ್ಮ.

ಕೇಳಬಹುದೇ ಎಂದು ಕದಿರಮ್ಮನನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಅವಳು ಮೆಲ್ಲಗೆ ಈ ಕಡೆ ತಿರುಗಿ, ಕೆಲಸದ ದಿನ ಮಾತ್ರ, ಮೈಕೈ ನೋವಿಗೆ, ಅದೂ ಸ್ವಲ್ಪ, ಬಿದ್ದದ್ದು ಸಾರುವೆಯ ಹಲಗೆ ಜಾರಿದ್ದಕ್ಕೆ ಎಂದಳು. ಗಂಗರತ್ನಮ್ಮ ಅದನ್ನು ಸುಳ್ಳೆನ್ನಲಿಲ್ಲ. ಮನೆಗೆ ಹೋದವರು ಬಸ್ಸು ಹತ್ತಿ ಮತ್ತೆ ಆಸ್ಪತ್ರೆಗೆ ಬರುವುದಿಲ್ಲವಾದ್ದರಿಂದ ತಾವೇ ಫೋನು ಮಾಡುವುದಾಗಿ ಹೇಳಿ, ಊರಲ್ಲಿ ಫೋನು ಎಲ್ಲಿದೆಯೆಂದು ಕೇಳಿದರು. ಕುಂಟೆಹಳ್ಳಿಗೆಲ್ಲ ಇದ್ದದ್ದು ಹಾಲಿನ ಡೇರಿಯ ಒಂದೇ ಫೋನು.

ಬುಧವಾರ ಬೆಳಗ್ಗೆ ಹಾಲು ಅಳೆದು ಮುಗಿಯುವ ಹೊತ್ತಿಗೆ ಅದು ಬಡಿಯಿತು. ಡೇರಿಯ ಸೆಕ್ರೆಟರಿ ದೊಡ್ಡವೆಂಕಟಪ್ಪ, ಕೆಜಿಎಫ್‌ನಿಂದ ಕದಿರಮ್ಮನಿಗೆ ಫೋನು ಬಂದಿದೆ ಎಂದಾಗ ಕ್ಯಾನು ತೊಳೆಯುತ್ತಿದ್ದವರೂ ತಲೆಯೆತ್ತಿದರು. ಫೋನಿಗಾಗಿ ಬಂದು ಕಾದಿದ್ದ ಅವಳು ರಿಸೀವರನ್ನು ತಲೆಕೆಳಗಾಗಿ ಹಿಡಿದಳು. ದೊಡ್ಡವೆಂಕಟಪ್ಪ ಸರಿಯಾಗಿ ಹಿಡಿಸಿಕೊಟ್ಟು, ಜನರನ್ನೆಲ್ಲ ಆಚೆ ಕರೆದುಕೊಂಡು ಹೋಗಿ ಬಾಗಿಲು ಎಳೆದುಕೊಂಡ.

ಪೂರ್ತಿ ಬಿಟ್ಟುಬಿಟ್ಟಿದ್ದೀನಿ ಎಂದಳು ಕದಿರಮ್ಮ. ಶಹಭಾಸ್ ಎನ್ನುತ್ತಾರೆಂದು ಕಾದಳು. ಗಂಗರತ್ನಮ್ಮ, ಸರಿ, ಕೈ ಹೇಗಿದೆ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿ, ಮುಂದಿನ ಬುಧವಾರ ಮಾಡುತ್ತೇನೆಂದು ಇಟ್ಟರು. ಅವಳಿಗೆ ಸಿಟ್ಟು ಬಂತು. ಮನೆಗೆ ಹೋಗಿ ಬಚ್ಚಪ್ಪನ ಹತ್ತಿರ, ಆ ಯಮ್ಮನಿಗೆ ಏನೂ ಗೊತ್ತಾಗುವುದಿಲ್ಲ ಎಂದು ಗೊಣಗಿದಳು. ಸಂಜೆಯಾಗುತ್ತಲೇ ಪಾಕೀಟು ತರಿಸಿಕೊಂಡಳು.

ಆದರೂ ಮುಂದಿನ ಬುಧವಾರ ತಲೆ ಬಾಚಿ, ಒಗೆದ ಸೀರೆ ಉಟ್ಟು ಡೇರಿಯ ಬಾಗಿಲಲ್ಲಿ ಕೂತಿದ್ದಳು. ಕುಡಿತದಿಂದ ಸಿಗುವ ಒಳ್ಳೆಯದೇನು ಎಂದು ಆ ದಿನ ಗಂಗರತ್ನಮ್ಮ ಕೇಳಿದರು. ಇದೆಂಥ ಪ್ರಶ್ನೆ ಎನ್ನಿಸಿದರೂ ಕದಿರಮ್ಮ ಧಾರಾಳವಾಗಿ ಹೇಳಿದಳು: ನೋವು ಮರೆಯುತ್ತದೆ, ನಿದ್ದೆ ಬರುತ್ತದೆ, ಹೆಂಗಸರೆಲ್ಲ ಕೂತು ನಗುತ್ತೇವೆ. ಒಳ್ಳೆಯದಲ್ಲದ್ದು ಏನಾದರೂ ಉಂಟೇ ಎಂದು ಅವರು ಕೇಳಿದಾಗ ಮಾತ್ರ ಫೋನಿನ ವೈರನ್ನು ಬೆರಳಿಗೆ ಸುತ್ತತೊಡಗಿದಳು. ಲೈನು ಕಟ್ಟಾಯಿತೇನೋ ಎಂದುಕೊಳ್ಳುವಷ್ಟು ಹೊತ್ತು ಅವರು ಸುಮ್ಮನೆ ಕಾದರು.

"ಅವತ್ತು ಅಲಗೆ ಜಾರ್ಲಿಲ್ಲ ಕಣಮ್ಮ, ನನ್ನ ಕಾಲೇ ಜಾರಿದ್ದು" ಎಂದಳು ಕದಿರಮ್ಮ. "ನನ್ನ ಸಾಲ್ನಾಗೆ ಒಂದು ಬಾಂಡ್ಲಿ ಬಿದ್ದಿದ್ದಿಲ್ಲ. ಅವತ್ತು ಪಾಪಕ್ಕನ ತಲೆ ಮೇಲೆ ಬೀಳೋದು ತಪ್ತು. ನನ್ನ ಗಂಡ ಮಾಡ್ದೇ ಇರೋ ತಪ್ಪಿಗೆ ಬೈಸ್ಕಂಡ."

ಹೇಳಿದ ಮೇಲೆ ಅವಳಿಗೇ ಭಯವಾಯಿತು. ಗಂಗರತ್ನಮ್ಮ ಬೈಯಲಿಲ್ಲ, ಅಯ್ಯೋ ಪಾಪ ಎಂದೂ ಅನ್ನಲಿಲ್ಲ. ಆ ಸಾಲಿನ ಬಗ್ಗೆ ಹೇಳಿ ಎಂದರು. ಎಲ್ಲಿ ನಿಲ್ಲುತ್ತೀರಿ, ಕಾಲು ಹೇಗೆ ಊರುತ್ತೀರಿ, ಹೊಸಬರಿಗೆ ಏನು ಕಲಿಸುತ್ತೀರಿ ಎಂದೆಲ್ಲ ಕೇಳಿದರು. ಕದಿರಮ್ಮ ಅವತ್ತು ಮಾತಾಡಿದಷ್ಟನ್ನು ಆ ಫೋನಿನಲ್ಲಿ ಯಾರೂ ಆಡಿರಲಿಲ್ಲವೆಂದು ಆಚೆ ನಿಂತಿದ್ದ ದೊಡ್ಡವೆಂಕಟಪ್ಪ ಆಮೇಲೆ ಹೇಳುತ್ತಿದ್ದ. ಮತ್ತೆ ಸಾಲಿನ ಆ ಮೇಲ್ತುದಿಯಲ್ಲಿ ನಿಲ್ಲಬೇಕೆಂದರೆ ಏನಾಗಬೇಕು ಎಂದು ಅವರು ಕೊನೆಗೆ ಕೇಳಿದ್ದಕ್ಕೆ ಉತ್ತರ ಅವಳಿಗೆ ಗೊತ್ತಿತ್ತು. ಕುಡಿತ ಬಿಡಬೇಕು ಎಂದು ತಾನೇ ಹೇಳಿದಳು.

ಆಮೇಲಿನ ದಿನಗಳು ಸಲೀಸಾಗಿರಲಿಲ್ಲ. ಸಂಜೆ ಕೈ ನಡುಗುತ್ತಿತ್ತು. ಹಾಗಾದರೆ ತಡೆಯದೆ ಆಸ್ಪತ್ರೆಗೆ ಬರಬೇಕೆಂದು ಗಂಗರತ್ನಮ್ಮ ಹೇಳಿದ್ದರಿಂದ ಬಚ್ಚಪ್ಪ ಅವಳನ್ನು ಒಮ್ಮೆ ಕರೆದುಕೊಂಡು ಹೋಗಿ ಮಾತ್ರೆ ಬರೆಸಿಕೊಂಡು ಬಂದ. ಸಾರಾಯಿ ಅಂಗಡಿಯ ದಾರಿ ಬಿಟ್ಟು ನೀರಿನ ಕುಂಟೆಯ ಏರಿಯ ಮೇಲೆ ಸುತ್ತಿಕೊಂಡು ನಡೆದಳು. ಬೂದಿಕೋಟೆಯಲ್ಲಿ ಸಂಬಂಧಿಕರ ತಿಥಿಗೆ ಹೋದವಳು ಮಾತ್ರ ತಡೆಯಲಾರದೆ ಕುಡಿದು ಬಂದಳು. ಆ ಬುಧವಾರ ಫೋನು ಬಂದಾಗ ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಸಂಜೆ ಹಾಲಿನ ಹೊತ್ತಿಗೆ ಮತ್ತೆ ಮಾಡುತ್ತಾರಂತೆ ಎಂದು ದೊಡ್ಡವೆಂಕಟಪ್ಪ ಬಂದು ಹೇಳಿದ. ಹೋದಳು. ನಾನು ಕೆಟ್ಟೆ ಕಣಮ್ಮ ಎಂದಳು.

"ಕೆಡೋದೆಲ್ಲಿ ಬಂತು?" ಎಂದರು ಗಂಗರತ್ನಮ್ಮ. "ಇಷ್ಟು ದಿನ ಕುಡೀದೆ ಇದ್ದದ್ದು ಎಲ್ಲೂ ಹೋಗಲ್ಲ. ಅವತ್ತು ಏನಾಯ್ತು ಹೇಳಿ. ಮುಂದಿನ ತಿಥಿಗೆ ಏನು ಮಾಡ್ತೀರ, ಅದನ್ನೂ ಹೇಳಿ."

ಕಟ್ಟು ಬಿಚ್ಚಿ, ಕೈಗೆ ಬಲ ಬರುವಷ್ಟರಲ್ಲಿ ಮಳೆಗಾಲ ಕಳೆಯಿತು. ಬಂಗಾರಪೇಟೆಯಲ್ಲಿ ಒಂದು ಕಲ್ಯಾಣಮಂಟಪದ ಮೋಲ್ಡಿಗೆ ಮುನಿಸ್ವಾಮಪ್ಪ ಗುಂಪನ್ನು ಕರೆದ. ಅಷ್ಟು ದೊಡ್ಡ ಚಾವಣಿಯನ್ನು ಅವನು ಹಿಂದೆ ಹಾಕಿಸಿದ್ದಿಲ್ಲ. ಕದಿರಮ್ಮ ಈ ಸಲ ಕೆಳಗೆ ಜಲ್ಲಿ ತುಂಬಲಿ, ತುದಿಗೆ ಬೇರೆಯವರು ಇರಲಿ ಎಂದ. ಅವಳು ವಾದ ಮಾಡಲಿಲ್ಲ. ಒಂದು ಗಂಟೆ ನಿಲ್ಲಿಸಿ ನೋಡು, ಸರಿಹೋಗದಿದ್ದರೆ ನಾನೇ ಇಳಿಯುತ್ತೇನೆ ಎಂದಳು. ಜೊತೆಗೆ ಇನ್ನೊಂದು ಕೇಳಿದಳು: ಮಧ್ಯಾಹ್ನದ ಪಾಕೀಟು ಬೇಡ, ಅದರ ಬದಲು ಬಿಸಿ ಮುದ್ದೆ, ಬಾಡಿನ ಸಾರು ಹಾಕಿಸು.

ಹೆಂಗಸರಲ್ಲಿ ಗುಜುಗುಜು ಎದ್ದಿತು. ಪಾಪಕ್ಕನೇ ಎದುರಿಗೆ ಬಂದಳು.

"ನಿನಗೆ ಫೋನು ಬತ್ತದೆ, ನೀನು ಬಿಟ್ಟೆ. ನಮಗೂ ಯಾಕೆ ಬೇಡ ಅಂತೀಯೆ?"

"ಕುಡೀಬೇಡಿ ಅಂತ ಯಾರ್ಗೂ ಏಳಲ್ಲ ಕಣೇ. ಕೆಲ್ಸ ಮುಗಿದ್ಮ್ಯಾಲೆ ನಿಮ್ಮಿಷ್ಟ" ಎಂದಳು ಕದಿರಮ್ಮ. "ಮಧ್ಯಾಹ್ನ ಬೇಕು ಅನ್ನೋರು ಕೆಳಗೆ ನಿಂತ್ಕಂಡು ಕೆಲ್ಸ ಮಾಡಿ. ಕುಡ್ದೋರು ನನ್ನ ಸಾರುವೆ ಅತ್ತಂಗಿಲ್ಲ. ನಾನು ಕುಡ್ದಿದ್ರೆ ನಾನೂ ಅತ್ತಂಗಿಲ್ಲ. ಅವತ್ತು ನಿನ್ನ ತಲೆ ಮೇಲೆ ಬಿದ್ದಿದ್ರೆ ನಾನು ಯಾರ ಮುಖ ನೋಡ್ಲಿ?"

ಪಾಪಕ್ಕ ಸೆರಗು ಬಿಗಿದು ಸಾರುವೆ ಹತ್ತಿ, ಕದಿರಮ್ಮನ ಕೆಳಗಿನ ತನ್ನ ಜಾಗದಲ್ಲೇ ನಿಂತಳು. ಅವಳ ಹಿಂದೆ ಉಳಿದವರು ಹತ್ತಿದರು. ಇಬ್ಬರು ಮಾತ್ರ ಮುಖ ಊದಿಸಿಕೊಂಡು ಕಾಂಕ್ರೀಟು ಕಲಸುವ ಮಿಕ್ಸರಿನ ಹತ್ತಿರ ಉಳಿದರು.

ಮೊದಮೊದಲು ಎಡಗೈ ಸೆಳೆಯಿತು. ಆಮೇಲೆ ಸಾಲಿಗೆ ಲಯ ಬಂತು. ಬಾಂಡ್ಲಿಗಳು ಒಂದರ ಬಾಲಕ್ಕೆ ಒಂದು ಬಂದವು; ಪಾಪಕ್ಕ ಎತ್ತಿ ಕೊಟ್ಟದ್ದನ್ನು ಕದಿರಮ್ಮ ಕಣ್ಣು ಹಾಯಿಸದೆಯೇ ಹಿಡಿದು ಸುರಿದಳು. ಒಂದು ಗಂಟೆ ಕಳೆದದ್ದು ಮೇಸ್ತ್ರಿಗೂ ನೆನಪಾಗಲಿಲ್ಲ. ಮಧ್ಯಾಹ್ನ ಎಲ್ಲರೂ ಹೊಟ್ಟೆತುಂಬ ಉಂಡು, ಬೆವರು ಒರೆಸಿಕೊಂಡು ಮತ್ತೆ ಹತ್ತಿದರು. ಹೊತ್ತು ಮುಳುಗುವ ಮೊದಲೇ ಚಾವಣಿಯ ಕೊನೆಯ ಮೂಲೆ ತುಂಬಿತು. ಒಂದೂ ಬಾಂಡ್ಲಿ ಕೆಳಗೆ ಬಿದ್ದಿರಲಿಲ್ಲ. ಮುನಿಸ್ವಾಮಪ್ಪ ಕೆಳಗಿನಿಂದ ಚಾವಣಿಯನ್ನೂ ಅವಳನ್ನೂ ನೋಡುತ್ತ ತಲೆಗೆ ಸುತ್ತಿದ್ದ ಟವಲು ತೆಗೆದು ಹೆಗಲಿಗೆ ಹಾಕಿಕೊಂಡ. ಮುಂದಿನ ವಾರ ಕ್ಯಾಸಂಬಳ್ಳಿಯ ಕೆಲಸಕ್ಕೂ ನೀನೇ ತುದಿಗೆ, ಮಧ್ಯಾಹ್ನ ಊಟವೇ ಹಾಕಿಸುತ್ತೇನೆ ಎಂದ.

ಅವತ್ತು ಬುಧವಾರವಲ್ಲ. ಆದರೂ ಕದಿರಮ್ಮ ಕೈಕಾಲು ತೊಳೆದು, ಬಸ್‌ಸ್ಟ್ಯಾಂಡಿನ ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ, ಸೆರಗಿನ ಗಂಟಿನಲ್ಲಿದ್ದ ನಂಬರಿನ ಚೀಟಿಯನ್ನು ಬೂತಿನವನಿಗೆ ಕೊಟ್ಟಳು. ಪಾಪಕ್ಕ ಗಾಜಿನ ಬಾಗಿಲಲ್ಲಿ ನಿಂತಳು. ಗಂಗರತ್ನಮ್ಮ ಮನೆಗೆ ಹೊರಟಿದ್ದವರು ವಾಪಸು ಬಂದು ಮಾತಾಡಿದರು. ಕದಿರಮ್ಮ ಬೆಳಗಿನಿಂದ ಸಂಜೆಯವರೆಗಿನದನ್ನೆಲ್ಲ ಹೇಳಿದಳು.

"ನನಗೆ ಎಷ್ಟು ಹೆಮ್ಮೆ ಆಗ್ತಿದೆ ಗೊತ್ತಾ?" ಎಂದರು ಗಂಗರತ್ನಮ್ಮ. ಮರುಕ್ಷಣವೇ ಎಂದಿನಂತೆ, ರಾತ್ರಿ ಮೈ ನೋವಿಗೆ ಏನು ಮಾಡುತ್ತೀರಿ ಎಂದು ಕೇಳಿದರು.

ಬಚ್ಚಪ್ಪ ಬಿಸಿನೀರು ಕಾಯಿಸಿಟ್ಟಿರುತ್ತಾನೆ, ಹೆಗಲಿಗೆ ಎಣ್ಣೆಯನ್ನೂ ಹಚ್ಚುತ್ತಾನೆ ಎಂದು ಕದಿರಮ್ಮ ಸ್ವಲ್ಪ ನಾಚಿಕೊಂಡೇ ಹೇಳಿದಳು.

ಕುಂಟೆಹಳ್ಳಿಯ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಇಬ್ಬರೂ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತರು. ಮೇಸ್ತ್ರಿ ಕೊಟ್ಟ ಸಂಜೆಯ ಪಾಕೀಟು ಪಾಪಕ್ಕನ ಸೊಂಟದಲ್ಲೇ ಇತ್ತು, ಇನ್ನೂ ಹರಿದಿರಲಿಲ್ಲ. ಆ ಯಮ್ಮ ಬಲೇ ಬೈಯ್ತಾರಾ ಎಂದು ಅವಳು ಕೇಳಿದಳು.

"ಬೈಯಲ್ಲ ಕಣೇ. ನೀನು ಏನೇಳಿದ್ರೂ ಕೇಳಿಸ್ಕಂತಾರೆ" ಎಂದಳು ಕದಿರಮ್ಮ. "ಬುಧವಾರ ಡೇರಿ ತಾವ ಬಾ. ನನ್ನ ಮಾತು ಮುಗಿದ್ಮ್ಯಾಲೆ ನಿನ್ನ ಕೈಗೆ ಫೋನು ಕೊಡ್ತೀನಿ."

ಕಂಡಕ್ಟರು ಸೀಟಿ ಊದಿದ. ಬಸ್ಸು ಕಲ್ಯಾಣಮಂಟಪದ ಮುಂದೆ ಹಾದುಹೋಗುವಾಗ ಕದಿರಮ್ಮ ಸೀಟಿನಿಂದ ಅರ್ಧ ಎದ್ದು, ಹಿಂದೆ ಕೂತಿದ್ದ ಗುರುತಿಲ್ಲದ ಹೆಂಗಸಿಗೆ, ಆ ಚಾವಣಿ ನಾವು ಹಾಕಿದ್ದು ಎಂದು ತೋರಿಸಿದಳು.