ಗೊಲ್ಯಾತ ಬೀಳಲಿಲ್ಲ

"ಸ್ವಲ್ಪ ಕತ್ತೆತ್ತಿ ರೀ, ಗಡ್ಡ ಅಂಟ್ತಾನೇ ಇಲ್ಲ," ಎನ್ನುತ್ತಾ ಉರ್ಸೆಲ್ ಗಂಡನ ಗಲ್ಲಕ್ಕೆ ಸೆಣಬಿನ ಗಡ್ಡವನ್ನು ಒತ್ತಿ ಹಿಡಿದಳು. "ನೆನಪಿರಲಿ, ಹಣೆಗೆ ತಾಕಿದ ತಕ್ಷಣ ಬಿದ್ಬಿಡಿ. ಹೋದ ವರ್ಷದ ಹಾಗೆ ವಿದ್ಯಾರ್ಥಿಗಳ ಜೊತೆ ಹೊಡೆದಾಟ ಬೇಡ. ನನ್ನ ತಮ್ಮನ ಕೈ ಇನ್ನೂ ನೆಟ್ಟಗಾಗಿಲ್ಲ."

"ಬೀಳೋದೇನು ಮಹಾ ವಿದ್ಯೆಯೇ?" ಎಂದ ಜೋಬ್ಸ್ಟ್.

ಮರದ ಪೀಪಾಯಿ ಮಾಡುವ ಜೋಬ್ಸ್ಟನಷ್ಟು ಎತ್ತರದ ಆಳು ಜರ್ಮನಿಯ ಯೇನಾ ಪಟ್ಟಣದಲ್ಲೇ ಇರಲಿಲ್ಲ. ಚಳಿಗಾಲದ ಕೊನೆಯ ಹಬ್ಬಕ್ಕೆ ವಿಶ್ವವಿದ್ಯಾಲಯದ ಹುಡುಗರು ದಾವೀದ-ಗೊಲ್ಯಾತರ ಆಟ ಕಟ್ಟಿದ್ದರು; ಹುಡುಗ ದಾವೀದ ಶತ್ರುಪಡೆಯ ದೈತ್ಯ ಗೊಲ್ಯಾತನ ಹಣೆಗೆ ಕವಣೆಯಿಂದ ಕಲ್ಲು ಹೊಡೆದು ಕೆಡಹುವ ಬೈಬಲ್ ಕಥೆ ಅದು. ಫಿಲಿಷ್ಟಿಯರೆಂಬ ಆ ಶತ್ರುಗಳ ದೈತ್ಯನ ವೇಷಕ್ಕೆ ಜೋಬ್ಸ್ಟನನ್ನೇ ಕರೆದದ್ದರಲ್ಲಿ ಕುಚೋದ್ಯವೂ ಇತ್ತು. ಹಿಂದೊಮ್ಮೆ ಊರವರ ಜೊತೆಗಿನ ಜಗಳದಲ್ಲಿ ಒಬ್ಬ ವಿದ್ಯಾರ್ಥಿ ಸತ್ತಾಗ, ಪಾದ್ರಿಗಳು ಕೊಂದವರನ್ನು ಫಿಲಿಷ್ಟಿಯರಿಗೆ ಹೋಲಿಸಿ ಪ್ರವಚನ ಮಾಡಿದ್ದರಂತೆ. ಅಂದಿನಿಂದ ಕಮ್ಮಾರ, ಕಟುಕ, ರೊಟ್ಟಿಯವನು, ಪುಸ್ತಕ ಮುಟ್ಟದವರೆಲ್ಲ ಆ ಹುಡುಗರ ಬಾಯಲ್ಲಿ ಫಿಲಿಷ್ಟಿಯರೇ.

ಪೇಟೆಯ ಚೌಕದಲ್ಲಿ ಒಂದು ಕಡೆ ಸೊಂಟಕ್ಕೆ ಕತ್ತಿ ಸಿಕ್ಕಿಸಿದ ವಿದ್ಯಾರ್ಥಿಗಳು, ಇನ್ನೊಂದು ಕಡೆ ಊರವರು. ದಾವೀದನ ವೇಷದ ಲೆಬ್ರೆಕ್ಟ್ ಸಣಕಲು ಹುಡುಗ. ಅವನ ಕವಣೆಯಲ್ಲಿದ್ದದ್ದು ಕಲ್ಲಲ್ಲ, ಕರಿದ ಬನ್ನು; ರಕ್ತದಂತೆ ಕಾಣಲೆಂದು ಒಳಗೆ ಪ್ಲಮ್ ಹಣ್ಣಿನ ಜಾಮು. ಬೀಸಿ ಬಿಟ್ಟ. ಬನ್ನು ಹಣೆಗೇ ಬಡಿದು ಒಡೆಯಿತು.

ಜೋಬ್ಸ್ಟ್ ಮೊಣಕಾಲು ಬಾಗಿಸಿದ. ಅಷ್ಟರಲ್ಲಿ ಉರ್ಸೆಲಳ ಹೆಗಲ ಮೇಲಿಂದ ಎಳೆಯ ಕೂಗೊಂದು ಬಂತು.

"ಅಪ್ಪಾ, ಬೀಳ್ಬೇಡಾ!"

ಐದು ವರ್ಷದ ಡೋರ್ತೆ. ಬಾಗಿದ ಕಾಲು ತಾನಾಗಿ ನೆಟ್ಟಗಾಯಿತು. ಏನು ಮಾಡಬೇಕೋ ತೋಚದೆ ಜೋಬ್ಸ್ಟ್ ಮೂಗಿನವರೆಗೆ ಇಳಿದ ಜಾಮನ್ನು ಬೆರಳಲ್ಲಿ ತೆಗೆದು ನೆಕ್ಕಿದ.

"ಚೆನ್ನಾಗಿದೆ ಕಣೋ ಮರಿ. ಇನ್ನೊಂದು ಎಸಿ!"

ಊರವರು ಗೊಳ್ಳೆಂದು ನಕ್ಕರು. "ಬೀಳೋ ಫಿಲಿಷ್ಟಿಯಾ!" ಎಂದು ವಿದ್ಯಾರ್ಥಿಗಳು ಅರಚಿದರು. ಒಬ್ಬನ ಕೈ ಕತ್ತಿಯ ಹಿಡಿಗೆ ಹೋಯಿತು. ನಗು ನಿಂತಿತು. ಉರ್ಸೆಲ್ ಕಣ್ಣು ಮುಚ್ಚಿಕೊಂಡಳು.

ಲೆಬ್ರೆಕ್ಟ್ ಹತ್ತಿರ ಬಂದು ಪಿಸುಗುಟ್ಟಿದ. "ಬಿದ್ಬಿಡಣ್ಣ, ನನ್ನ ಮಾನ ಹೋಗುತ್ತೆ."

"ಹೆಂಗಪ್ಪಾ ಬೀಳ್ಲಿ? ನನ್ನ ಮಗಳು ನೋಡ್ತಿದ್ದಾಳೆ."

ಲೆಬ್ರೆಕ್ಟ್ ತಿರುಗಿ ನೋಡಿದ. ಡೋರ್ತೆ ಅಮ್ಮನ ಕೂದಲನ್ನು ಎರಡೂ ಕೈಯಲ್ಲಿ ಹಿಡಿದು, ಅಳುವುದೋ ಬೇಡವೋ ಎಂಬಂತೆ ತುಟಿ ಉಬ್ಬಿಸಿ ಕೂತಿದ್ದಳು. ಅವನು ಕವಣೆ ಬಿಸಾಡಿ ಎದೆ ಹಿಡಿದುಕೊಂಡ.

"ಅಯ್ಯೋ, ಸತ್ತೆ! ದಾವೀದನೇ ಸತ್ತ!" ಎಂದು ಹಿಮದ ಮೇಲೆ ದೊಪ್ಪನೆ ಬಿದ್ದ.

ಕತ್ತಿಯ ಹಿಡಿಗೆ ಕೈ ಹಾಕಿದ್ದವನೇ ಮೊದಲು ಹೊಟ್ಟೆ ಹಿಡಿದು ನಕ್ಕ. ನಗು ಎರಡೂ ಕಡೆಗೆ ಹಬ್ಬಿತು. ಯಾರೋ ಪಿಟೀಲು ಎತ್ತಿದರು, ಕಟುಕನ ಹೆಂಡತಿ ಒಬ್ಬ ವಿದ್ಯಾರ್ಥಿಯ ತೋಳು ಹಿಡಿದು ಕುಣಿಯಲು ಎಳೆದಳು.

ಈ ಗದ್ದಲದಲ್ಲಿ ಡೋರ್ತೆ ಇಳಿದು ಬಂದು ಬಿದ್ದವನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಸತ್ತೋದ್ಯಾ?"

"ಹೂಂ," ಎಂದ ಲೆಬ್ರೆಕ್ಟ್, ಕಣ್ಣು ತೆರೆಯದೆ.

"ಚಳಿ ಆಗಲ್ವಾ?"

"ಆಗ್ತಿದೆ."

ಡೋರ್ತೆ ತನ್ನ ಕೆಂಪು ಉಣ್ಣೆಯ ಶಾಲನ್ನು ಬಿಚ್ಚಿದಳು. ಅವನ ಹೊಟ್ಟೆಗೂ ಸಾಲದ ಅದನ್ನು ಹೊದಿಸಿ, ಅಂಚನ್ನು ಅವನ ಗಲ್ಲದ ಕೆಳಗೆ ಜೋಪಾನವಾಗಿ ಸಿಕ್ಕಿಸಿದಳು.