ಎರಡು ಕಿಲೋಮೀಟರಿನ ಡೀಸೆಲ್

ಬರ್ನಿ ಊರಿನ ಹಳೆ ಕಾರುಗಳನ್ನು ಮಾರುವ ಅಂಗಳಕ್ಕೆ ನೆರಿಡಾ ಪ್ಯಾಸ್ಕೊಳ ಕಾರು ತೆವಳುತ್ತಾ ಬಂದದ್ದನ್ನು ಕಂಡಕೂಡಲೇ, ಅಲ್ಲಿ ಮಾರಾಟದ ಕೆಲಸಕ್ಕಿದ್ದ ಟ್ರೆಂಟ್ ಕಿಟಕಿಯಿಂದ ಹಿಂದೆ ಸರಿದ. ಆರು ತಿಂಗಳ ಹಿಂದೆ ಆ ಎಪ್ಪತ್ತೆಂಟರ ಮುದುಕಿಗೆ ಅದನ್ನು ಮಾರಿದವನು ಅವನೇ. ಮಾರಿದ್ದು ತಪ್ಪು ಕಾರು ಎಂಬುದೂ ಅವನಿಗೆ ಗೊತ್ತಿತ್ತು.

ಅವತ್ತು ಅಂಗಳದಲ್ಲಿ ಅಕ್ಕಪಕ್ಕ ಎರಡು ಟರ್ಬೊ ಕಾರುಗಳಿದ್ದವು, ಒಂದು ಸಣ್ಣ ಪೆಟ್ರೋಲ್, ಇನ್ನೊಂದು ಡೀಸೆಲ್. ನೆರಿಡಾಳಿಗೆ ಬೇಕಾದದ್ದು ಇಷ್ಟೇ: ದಿನಾ ಮಧ್ಯಾಹ್ನ ಎರಡು ಕಿಲೋಮೀಟರ್ ದೂರದ ವೃದ್ಧಾಶ್ರಮಕ್ಕೆ ಹೋಗಿ ಅಕ್ಕ ಬೆರಿಲ್‌ಗೆ ಊಟ ಮಾಡಿಸಿ ಬರಬೇಕು. ಬೆರಿಲ್ ಬೇರೆಯವರ ಕೈಯಿಂದ ಒಂದು ತುತ್ತೂ ತಿನ್ನುತ್ತಿರಲಿಲ್ಲ. ಅಷ್ಟು ಓಡಾಟಕ್ಕೆ ಪೆಟ್ರೋಲೇ ಸರಿ. ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿ ಬಿಸಿಯಾದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ, ಇಲ್ಲದಿದ್ದರೆ ಫಿಲ್ಟರ್ ಕಟ್ಟಿಕೊಂಡು ಎಂಜಿನ್ ಸೊರಗುತ್ತದೆ. ಈ ಕಸುಬಿನವರಿಗೆ ಇದು ಬಾಯಿಪಾಠ. ಆದರೆ ಡೀಸೆಲ್ ಕಾರು ಮೂರು ತಿಂಗಳಿಂದ ಮಳೆಯಲ್ಲಿ ನೆನೆಯುತ್ತಾ ನಿಂತಿತ್ತು, ಯಜಮಾನ ದಿನಾ ಬೆಳಿಗ್ಗೆ ಅದರ ಬಾನೆಟ್ ತಟ್ಟಿ, ಇದನ್ನು ಯಾವಾಗ ಮಾರುತ್ತೀಯ ಎಂಬಂತೆ ಟ್ರೆಂಟನ ಮುಖ ನೋಡುತ್ತಿದ್ದ.

“ನಿನ್ನ ತಾಯಿಗಾದ್ರೆ ಯಾವುದು ಕೊಡ್ತಿದ್ದೆ?” ಎಂದು ನೆರಿಡಾ ಕೇಳಿದ್ದಳು.

“ಡೀಸೆಲ್ಲೇ. ಈ ಊರಿನ ಏರು ಹತ್ತೋಕೆ ಅದರ ಎಳೆಯೋ ಶಕ್ತೀನೇ ಬೇರೆ.”

ಏರಿನ ಮಾತು ಸುಳ್ಳಾಗಿರಲಿಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಗೆ ಬಂದಿತ್ತು.

ಈಗ ಅವಳು ಕೀಲಿಯನ್ನು ಮೇಜಿನ ಮೇಲಿಟ್ಟಳು. “ಇದನ್ನ ಮಾರಿಕೊಡಪ್ಪ. ನಾನು ಇದರ ಜೀವ ತೆಗೆದುಬಿಟ್ಟೆ.”

“ಏನಾಯ್ತು?” ಗೊತ್ತಿದ್ದೂ ಕೇಳಿದ.

“ಸ್ಟೀರಿಂಗ್ ಮುಂದೆ ಕೆಂಪು ದೀಪ ಹತ್ತುತ್ತೆ, ಆಮೇಲೆ ಆಕ್ಸಿಲರೇಟರ್ ಎಷ್ಟು ಒತ್ತಿದ್ರೂ ವೇಗ ಏರಲ್ಲ. ಹೋದ ವಾರ ಏರಿನ ಮಧ್ಯ ಕುಂಟಿಕೊಂಡು ನಿಂತಿತು. ಹಿಂದಿನ ಲಾರಿಯವನು ‘ಮನೇಲಿ ಸ್ವೆಟರ್ ಹೆಣೀತಾ ಕೂತ್ಕೊಳಜ್ಜಿ’ ಅಂದ. ಅವನು ಹೇಳಿದ್ದೂ ಸರೀನೇ. ಐವತ್ತೈದು ವರ್ಷ ಓಡಿಸಿದೀನಿ, ಯಾವ ಕಾರೂ ಹೀಗೆ ಮಾಡಿರ್ಲಿಲ್ಲ. ನನ್ನ ಕಾಲೇ ನನ್ನ ಮಾತು ಕೇಳ್ತಿಲ್ಲ. ಇಲ್ಲಿಂದ ಹೋಗಿ ಲೈಸೆನ್ಸ್ ವಾಪಸ್ ಕೊಟ್ಟುಬಿಡ್ತೀನಿ.”

“ಮತ್ತೆ ನಿಮ್ಮಕ್ಕ?”

“ವೃದ್ಧಾಶ್ರಮದ ವ್ಯಾನ್ ವಾರಕ್ಕೆ ಎರಡು ದಿನ ನಮ್ಮ ಬೀದಿಗೆ ಬರುತ್ತಂತೆ. ಈ ವಾರವೆಲ್ಲ ನಾನು ಹೋಗೇ ಇಲ್ಲ. ಬರೀ ಹಾಲು ಕುಡ್ಕೊಂಡಿದ್ದಾಳಂತೆ.”

ಟ್ರೆಂಟ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ತಪ್ಪೆಲ್ಲ ವಯಸ್ಸಿನ ತಲೆಗೆ ಹೋಗುತ್ತಿತ್ತು, ಅವನ ಕೂದಲೂ ಕೊಂಕುತ್ತಿರಲಿಲ್ಲ. ಅಷ್ಟರಲ್ಲಿ ನೆರಿಡಾ ಬಾಗಿಲ ಬಳಿ ನಿಂತು, “ನಿನ್ನ ಮೇಲೆ ಬೇಜಾರಿಲ್ಲಪ್ಪ. ನೀನು ಒಳ್ಳೇ ಕಾರೇ ಕೊಟ್ಟಿದ್ದೆ,” ಎಂದಳು. ನಾಲ್ಕು ಬೈದಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

“ನಿಮ್ಮ ಕಾಲು ಸರಿಯಾಗೇ ಇದೆ,” ಎಂದ. “ಇದು ದೂರ ಓಡೋ ಗಾಡಿ. ಎರಡು ಕಿಲೋಮೀಟರಿಗೆ ಇದು ಕೆಟ್ಟುಹೋಗುತ್ತೆ ಅಂತ ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ತಲೆಗೆ ಕಟ್ಟಿದೆ.”

ನೆರಿಡಾ ವಾಪಸ್ ಬಂದು ಕುರ್ಚಿಯಲ್ಲಿ ಕೂತಳು. “ಅಡುಗೆಮನೆ ಕುರ್ಚೀಲಿ ಕೂತು ದಿನಾ ಬ್ರೇಕು, ಆಕ್ಸಿಲರೇಟರ್ ಅಂತ ಕಾಲಲ್ಲಿ ಅಭ್ಯಾಸ ಮಾಡ್ತಿದ್ದೆ ಕಣೋ.”

ಟ್ರೆಂಟ್ ಮೇಜಿನ ಮೇಲಿದ್ದ ಕೀಲಿಯನ್ನು ತನ್ನ ಕಡೆಗೆ ಎಳೆದುಕೊಂಡ. “ಕಾರು ಬದಲಾಯಿಸಿ ಕೊಡ್ತೀನಿ. ಇವತ್ತೇ.”

“ಕೊಡು. ಕೊಡದೆ ಎಲ್ಲಿಗೆ ಹೋಗ್ತೀಯ? ಮೊದಲು ನನ್ನನ್ನ ಬೆರಿಲ್ ಹತ್ರ ಕರ್ಕೊಂಡು ಹೋಗು. ಇಷ್ಟು ದಿನ ಯಾಕೆ ಬರ್ಲಿಲ್ಲ ಅಂತ ಕೇಳ್ತಾಳೆ. ಅದಕ್ಕೆ ನೀನೇ ಉತ್ತರ ಹೇಳು.”