ಎಡಗಿವಿಯ ಹಾಲೆ

ನಮ್ಮ ಅಂಗಡಿಯಲ್ಲಿ ಓಲೆ ಮಾರುವುದು ಬಾಯಿಂದಲ್ಲ, ಕಿವಿಯಿಂದ. ಗಿರಾಕಿ ಯಾವ ಜೋಡಿಗೆ ಬೆರಳು ತೋರಿಸುತ್ತಾಳೋ ಅದನ್ನು ನಾನು ಹಾಕಿಕೊಂಡು ಕತ್ತು ಆ ಕಡೆ ಈ ಕಡೆ ತಿರುಗಿಸಬೇಕು. ಬಲಗಿವಿಯಲ್ಲಿ ಓಲೆ ನೆಟ್ಟಗೆ ನಿಲ್ಲುತ್ತಿತ್ತು. ಎಡಗಿವಿಯಲ್ಲಿ ತಲೆ ತಗ್ಗಿಸುತ್ತಿತ್ತು. ಹಾಲೆ ಅಷ್ಟು ಜೋತುಬಿದ್ದಿತ್ತು.

“ಅಕ್ಕಾ, ನಿಮ್ಮ ಓಲೆ ನೆಲದಲ್ಲಿ ಏನೋ ಹುಡುಕ್ತಿದೆ,” ಅಂದಳು ಒಬ್ಬ ಹುಡುಗಿ. ಅಂಗಡಿಯೆಲ್ಲ ನಕ್ಕಿತು. ಯಜಮಾನರೂ ನಕ್ಕು, ಆಮೇಲೆ ಒಳಗೆ ಕರೆದರು. “ನೋಡಮ್ಮಾ, ತಪ್ಪು ತಿಳ್ಕೋಬೇಡ. ಅದನ್ನ ಸರಿ ಮಾಡಿಸ್ಕೋ. ಇಲ್ಲಾಂದ್ರೆ ಹಿಂದೆ ಡಬ್ಬಿ ಕಟ್ಟೋಕೆ ಹೋಗು.”

ಡಬ್ಬಿ ಕಟ್ಟುವವರಿಗೆ ಅರ್ಧ ಸಂಬಳ.

ಹಾಲೆ ಹಾಗಾದದ್ದು ಮಗಳಿಂದ. ಹನ್ನೊಂದು ತುಂಬಿದರೂ ಅವಳಿಗೆ ಮಾತಿಲ್ಲ. ಹೆದರಿಕೆಯಾಗಲಿ, ನಿದ್ದೆ ಬರಲಿ, ಕೂಸಾಗಿದ್ದಾಗಿನಿಂದ ನನ್ನ ಎಡಗಿವಿಯೇ ಬೇಕು. ಹಾಲೆಯನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜುತ್ತ, ಜಗ್ಗುತ್ತ ತಣ್ಣಗಾಗುತ್ತಾಳೆ. ಬಸ್ಸಿನ ಹಾರ್ನು, ಕುಕ್ಕರಿನ ಸೀಟಿ, ಹೊಸ ಮುಖ, ಎಲ್ಲಕ್ಕೂ ಅದೊಂದೇ ಔಷಧಿ. ಬೇರೆಯವರ ಕಿವಿ ನಡೆಯುವುದಿಲ್ಲ. ನನ್ನದೇ ಬಲಗಿವಿಯೂ ನಡೆಯುವುದಿಲ್ಲ.

ನಮ್ಮವರು ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. “ಇಷ್ಟಕ್ಕೆ ಡಾಕ್ಟರ್ ಯಾಕೆ? ಆಲ್ಟರೇಷನ್ ನಾನೇ ಮಾಡ್ಕೊಡ್ತೀನಿ, ಮನೆಯವಳಿಗೆ ಫ್ರೀ,” ಅಂದರು. ನಾನು ನಗದಿದ್ದುದು ಕಂಡು ಯಂತ್ರ ನಿಲ್ಲಿಸಿದರು. “ಅವಳಿಗೇನು ಹೇಳ್ತೀಯ?”

“ಏನು ಹೇಳಿದ್ರೂ ಅವಳಿಗೆ ಅರ್ಥ ಆಗುತ್ತಾ? ಗಾಯ ಮಾಗೋವರೆಗೆ ಹೇಗಾದ್ರೂ ತಡೆದ್ರೆ ಸಾಕು. ಕಿವಿ ಎಲ್ಲಿಗೆ ಹೋಗುತ್ತೆ, ಇಲ್ಲೇ ಇರುತ್ತಲ್ಲ.”

ಡಾಕ್ಟರು ಸೂಜಿ ಚುಚ್ಚಿ ಕಿವಿ ಮರಗಟ್ಟಿಸಿದರು. ಬಲಗಿವಿಯ ಅಳತೆಗೆ ಎಡಗಿವಿಯ ಮೇಲೆ ಗೆರೆ ಎಳೆದು, ಕತ್ತರಿಸಿ, ಹೊಲಿದರು. ತೆಗೆದ ತುಂಡು ಸ್ಟೀಲ್ ತಟ್ಟೆಯಲ್ಲಿತ್ತು, ಕುಂಬಳದ ಬೀಜದಷ್ಟು. ಇಷ್ಟೇನಾ ಅನ್ನಿಸಿತು.

“ಯಾರೂ ಮುಟ್ಟಬಾರದು. ಎಳೆಯೋದಂತೂ ಬೇಡವೇ ಬೇಡ,” ಅಂದರು.

ಅಂದಿನಿಂದ ತಲೆಗೆ ಸ್ಕಾರ್ಫ್. ಮಗಳು ಬಂದು ಎಡಗಡೆಯ ಬಟ್ಟೆ ಎಳೆಯುವಳು, ನಾನು ಕೈ ಹಿಡಿದುಕೊಳ್ಳುವೆ. “ತಡಿ ಕಂದ, ಕೊಡ್ತೀನಿ.” ಅವಳಪ್ಪ ಮೆತ್ತನೆ ಬಟ್ಟೆಗೆ ಹತ್ತಿ ತುಂಬಿ ಒಂದು ಹಾಲೆ ಹೊಲಿದುಕೊಟ್ಟರು. ಮೂಸಿ ನೋಡಿ ಕಿಟಕಿಯಾಚೆ ಎಸೆದಳು. ಕಿರುಚಿದಳು. ಗೋಡೆಗೆ ತಲೆ ಚಚ್ಚಿಕೊಂಡಳು. ಬರಬರುತ್ತ ಕಿರುಚುವುದು ನಿಂತು, ನನ್ನೆದುರು ಕೂತು ಸ್ಕಾರ್ಫನ್ನೇ ನೋಡತೊಡಗಿದಳು. ತಡಿ ಅಂದದ್ದು ಅವಳಿಗೆ ಅರ್ಥವಾಗಿತ್ತು. ಕಾಯುತ್ತಿದ್ದಳು.

ಡಾಕ್ಟರು ಇನ್ನು ಪರವಾಗಿಲ್ಲ ಅಂದ ಮೇಲೆ ಅಂಗಡಿಗೆ ಹೋದೆ. ಓಲೆ ಎರಡು ಕಡೆಯೂ ನೆಟ್ಟಗೆ ನಿಂತವು. “ಹಾಂ, ಈಗ ನೋಡು!” ಅಂದರು ಯಜಮಾನರು. ಮಧ್ಯಾಹ್ನ ಓಲೆ ಕಳಚಿಟ್ಟು, ಮತ್ತೆ ಸ್ಕಾರ್ಫ್ ಕಟ್ಟಿಕೊಂಡು ಮನೆಗೆ ಬಂದೆ. ಅವಳೆದುರಿಗೇ ಬಿಚ್ಚಬೇಕು ಅಂತ ಆಸೆ. ಚಾಪೆಯ ಮೇಲೆ ಕೂತು, ತೊಡೆಯ ಮೇಲೆ ಕೂರಿಸಿಕೊಂಡು, ಸ್ಕಾರ್ಫ್ ಬಿಚ್ಚಿಟ್ಟೆ.

“ತಗೋ ಕಂದ, ನಿಂದೇ.”

ಕಣ್ಣು ಮುಚ್ಚಿಕೊಂಡು ಕೈ ಚಾಚಿದಳು. ಕೈ ತನ್ನ ಹಳೆಯ ಜಾಗಕ್ಕೆ ಸರಿಯಾಗಿ ಬಂತು. ಎರಡು ಬೆರಳು ಕೂಡಿದವು. ನಡುವೆ ಏನೂ ಇರಲಿಲ್ಲ. ಇನ್ನೊಮ್ಮೆ ಕೂಡಿದವು. ಮೇಲೆ ತಡವಿ, ಹೊಲಿಗೆಯ ಗಟ್ಟಿ ಗೆರೆ ತಾಗಿದ್ದೇ ಬಿಸಿ ಮುಟ್ಟಿದ ಹಾಗೆ ಹಿಂದೆ ಸರಿದವು. ಕಣ್ಣು ಬಿಟ್ಟಳು. ಸ್ಕಾರ್ಫ್ ಎತ್ತಿ ಕೊಡವಿದಳು. ಮಡಿಕೆಗಳನ್ನೆಲ್ಲ ಬಿಡಿಸಿ ನೋಡಿದಳು. ಚಾಪೆಯ ಅಂಚು ಎತ್ತಿಯೂ ನೋಡಿದಳು.

ಹೊಲಿಗೆ ಯಂತ್ರದ ಸದ್ದು ನಿಂತಿತ್ತು. “ಬಲಗಿವಿ ಕೊಟ್ಟು ನೋಡೇ,” ಅಂದರು ಅವರು ಮೆಲ್ಲಗೆ.

ಕೊಟ್ಟೆ. ಕೊಸರಿಕೊಂಡಳು.

ಗೋಡೆಯ ಕಡೆ ಮುಖ ಮಾಡಿ ಮಲಗಿ ತನ್ನದೇ ಕಿವಿ ಹಿಡಿದುಕೊಂಡಳು. ಉಜ್ಜಿದಳು. ಜಗ್ಗಿದಳು. ನಿದ್ದೆ ಬಾರದೆ ಇನ್ನೂ ಜೋರಾಗಿ ಜಗ್ಗಿದಳು. ಆ ಪುಟ್ಟ ಹಾಲೆ ಕೆಂಪಗಾಯಿತು.

ಜಗ್ಗಬೇಡ ಕಂದ, ಜೋತುಬೀಳುತ್ತೆ ಅನ್ನಲು ಬಾಯಿ ತೆರೆದೆ. ಅನ್ನಲಾಗಲಿಲ್ಲ.